ಐರ್ಲೆಂಡಿನಲ್ಲಿ ಹಿಡಿದುಕೊಂಡ ಸೊಂಟ

ಎರಡು ವರ್ಷದ ಹಿಂದಿನ ಸೆಪ್ಟೆಂಬರ್. ಗೌರಿ-ಗಣೇಶ ಹಬ್ಬದ ವ್ಯಾಪಾರ ಮುಗಿದಿತ್ತು, ದಸರಾದ್ದು ಇನ್ನೂ ಶುರುವಾಗಿರಲಿಲ್ಲ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ಆ ಮಧ್ಯಾಹ್ನ ಒಬ್ಬ ಹೆಂಗಸು ಇಡ್ಲಿ ಪಾತ್ರೆ ಹಿಡಿದುಕೊಂಡು ಚೌಕಾಸಿ ಮಾಡುತ್ತಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ಪೂರ್ಣಿಮಾಳ ವಿಡಿಯೊ ಕಾಲ್ ಬಂತು. ತೆಗೆದು ನೋಡಿದರೆ ಅವಳ ಮುಖವೇ ಇಲ್ಲ, ಬರೀ ಬಿಳಿ ಚಾವಣಿ.

"ಪೂರ್ಣಿ, ಎಲ್ಲಿದೀಯಾ? ಕಾಣಿಸ್ತಾ ಇಲ್ಲ," ಎಂದೆ.

"ರೀ, ನೆಲದ ಮೇಲೆ ಮಲಗಿದ್ದೀನಿ. ಸಾಕ್ಸ್ ಹಾಕ್ಕೊಳ್ಳೋಕೆ ಬಗ್ಗಿದೆ, ಸೊಂಟ ಹಿಡ್ಕೊಂಬಿಡ್ತು. ಏಳೋಕಾಗ್ತಿಲ್ಲ ಕಣ್ರೀ."

ಅವಳು ಇದ್ದದ್ದು ಐರ್ಲೆಂಡಿನಲ್ಲಿ. ಅವತ್ತು ಅವಳ ಕ್ಲಾಸಿನ ಮೊದಲ ದಿನ.

ಪೂರ್ಣಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ನಲವತ್ತು ದಾಟಿದ ಮೇಲೆ ಅವಳಿಗೆ ಇನ್ನೂ ಓದಬೇಕು ಅನ್ನಿಸಿತು. ಅಂಥ ಮಕ್ಕಳಿಗೆ ಪಾಠ ಹೇಳಿಕೊಡುವ ಬಗ್ಗೆಯೇ ಐರ್ಲೆಂಡಿನಲ್ಲಿ ಒಂದು ವರ್ಷದ ಕೋರ್ಸ್ ಇದೆ ಎಂದು ಗೊತ್ತಾಗಿ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದಳು. ಸಿಕ್ಕಿಯೂಬಿಟ್ಟಿತು. ನಮಗೆ ಮಕ್ಕಳಿಲ್ಲ. ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮವ್ವ. ನಮ್ಮ ಕಡೆಯ ನೆಂಟರು ಊರಿಂದ ಬಂದಾಗಲೆಲ್ಲ, "ಹೆಂಡ್ತಿನ ಓದಕ್ಕೆ ಕಳ್ಸಿ, ನೀನಿಲ್ಲಿ ಅನ್ನ ಬೇಯಿಸ್ಕೊಂಡು ಕೂತ್ಕಂತೀಯಾ?" ಎಂದು ಕೇಳಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸು, ಅಷ್ಟೆ. ನಮ್ಮ ಮನೆಯಲ್ಲಿ ಓದುವ ತಲೆ ಅವಳದು ಎಂದು ಮದುವೆಯಾದ ವರ್ಷವೇ ನನಗೆ ಗೊತ್ತಾಗಿತ್ತು. ಹಾಗಾಗಿ ನೆಂಟರ ಮಾತಿಗೆ ನಕ್ಕು ಸುಮ್ಮನಾಗಿದ್ದೆ.

ಅಲ್ಲಿಗೆ ಹೋಗಿ ಅವಳಿಗೆ ಇನ್ನೂ ಒಂದು ವಾರವೂ ಆಗಿರಲಿಲ್ಲ. ನೋರಾ ಎಂಬ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ ಒಂದು ರೂಮು ಹಿಡಿದಿದ್ದಳು. ದೊಡ್ಡ ದೊಡ್ಡ ಸೂಟ್‌ಕೇಸುಗಳನ್ನು ಒಬ್ಬಳೇ ಮೆಟ್ಟಿಲು ಹತ್ತಿಸಿದ್ದಳಂತೆ. ಸೊಂಟ ಆಗಲೇ ಸಣ್ಣಗೆ ನೋಯುತ್ತಿದ್ದರೂ ನನಗೆ ಹೇಳಿರಲಿಲ್ಲ.

"ಕೆಳಗೆ ಅಜ್ಜಿ ಇದ್ದಾರಲ್ಲ, ಕೂಗು," ಎಂದೆ.

"ಕೂಗಿ ಕೂಗಿ ಸಾಕಾಯ್ತು. ಅವ್ರಿಗೆ ಕಿವಿ ಮಂದ. ಬೆಳಗ್ಗೆ ಹೊತ್ತು ರೇಡಿಯೊ ಬೇರೆ ಜೋರಾಗಿ ಹಾಕಿರ್ತಾರೆ. ನನ್ನ ಸಿಮ್ ಇನ್ನೂ ಶುರು ಆಗಿಲ್ಲ, ಮನೆ ವೈಫೈನಲ್ಲಿ ನಿಮಗೊಬ್ರಿಗೆ ಮಾಡೋಕಾಯ್ತು. ರೂಮಿನ ಚಿಲಕ ಬೇರೆ ಹಾಕಿದೀನಿ." ಅಷ್ಟು ಹೇಳುವುದರೊಳಗೆ ಅವಳು ಎರಡು ಸಲ ನೋವಿಗೆ ಉಸಿರು ಬಿಗಿಹಿಡಿದಳು. ಆಮೇಲೆ ಮೆಲ್ಲಗೆ ಅಳುವ ಸದ್ದು ಕೇಳಿಸಿತು. ಪೂರ್ಣಿ ಸುಲಭಕ್ಕೆ ಅಳುವವಳಲ್ಲ.

ಆ ಅಜ್ಜಿಯ ಮನೆಯ ಲ್ಯಾಂಡ್‌ಲೈನ್ ನಂಬರನ್ನು ಅವಳು ಹೋದ ದಿನವೇ ನನಗೆ ಕಳಿಸಿದ್ದಳು. ಆದರೆ ನನ್ನ ಫೋನಿನಿಂದ ಹೊರದೇಶಕ್ಕೆ ಕರೆ ಹೋಗುವುದಿಲ್ಲ. ಇದ್ದ ಒಂದು ಫೋನಿನಲ್ಲಿ ಇವಳು ಅಳುತ್ತಿದ್ದಾಳೆ, ಕಟ್ ಮಾಡಲು ಮನಸ್ಸು ಬರುತ್ತಿಲ್ಲ. ಪಕ್ಕದ ಬಳೆ ಅಂಗಡಿಯ ಅನ್ವರ್ ಭಾಯ್ ಮಗ ದುಬೈನಲ್ಲಿದ್ದಾನೆ, ಅವರ ಫೋನಿನಿಂದ ಹೋಗುತ್ತದೆ ಎಂಬುದು ನೆನಪಾಯಿತು. ಇಡ್ಲಿ ಪಾತ್ರೆಯ ಹೆಂಗಸಿಗೆ "ಒಂದ್ನಿಮಿಷ ಅಮ್ಮ" ಎಂದು ಹೇಳಿ ಹೊರಗೆ ಓಡಿದೆ. ವಿಷಯ ಕೇಳಿದ್ದೇ ಅನ್ವರ್ ಭಾಯ್ ಗಿರಾಕಿಗಳ ಮುಂದೆ ಹರಡಿದ್ದ ಬಳೆಗಳನ್ನು ಹಾಗೇ ಬಿಟ್ಟು, ಫೋನ್ ಹಿಡಿದುಕೊಂಡು ನನ್ನ ಅಂಗಡಿಗೇ ಬಂದುಬಿಟ್ಟರು. ನಂಬರ್ ಒತ್ತಿದ್ದೂ ಅವರೇ.

ರಿಂಗ್ ಆಗುತ್ತಿರುವಾಗ ನನಗೆ ಹೊಸ ಚಿಂತೆ ಹತ್ತಿತು. ಸೊಂಟಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? "ವೇಸ್ಟ್" ಎಂದು ಎಲ್ಲೋ ಕೇಳಿದ ನೆನಪು. ಆದರೆ ಫೋನ್ ಎತ್ತಿದ ತಕ್ಷಣ "ಮೈ ವೈಫ್ ವೇಸ್ಟ್" ಎಂದರೆ ಆ ಅಜ್ಜಿ ಏನೆಂದುಕೊಂಡಾರು? "ಬ್ಯಾಕ್ ಅನ್ನಿ ಮಾದೇವಣ್ಣ, ಬ್ಯಾಕ್ ಪೇನ್ ಅಂತಾರಲ್ಲ," ಎಂದರು ಅನ್ವರ್ ಭಾಯ್. ಆ ಕಡೆಯಿಂದ "ಹಲೋ" ಎಂದು ಒಂದು ಮುದಿ ದನಿ ಕೇಳಿಸಿತು.

"ಗುಡ್ ಮಾರ್ನಿಂಗ್ ಮೇಡಂ! ಪೂರ್ಣಿಮಾ ಹಸ್ಬೆಂಡ್, ಮೈಸೂರ್! ಮೈ ವೈಫ್ ಬ್ಯಾಕ್... ಪ್ರಾಬ್ಲಮ್! ಡೋರ್ ಲಾಕ್!"

"ಬ್ಯಾಕ್ ಡೋರ್?"

"ಎಸ್, ಎಸ್! ಬ್ಯಾಕ್! ಡೋರ್!"

ಅಜ್ಜಿ ಏನೋ ಹೇಳಿ ಫೋನನ್ನು ಪಕ್ಕಕ್ಕಿಟ್ಟ ಸದ್ದಾಯಿತು. "ಹೋದ್ರು ಭಾಯ್, ಮೇಲೆ ಹೋದ್ರು," ಎಂದು ನಾನು ಉಸಿರು ಬಿಟ್ಟೆ. ಇನ್ನೊಂದು ಕೈಯಲ್ಲಿದ್ದ ನನ್ನ ಫೋನಿಗೆ, "ಬರ್ತಾ ಇದ್ದಾರೆ ಪೂರ್ಣಿ, ಹೆದರ್ಕೋಬೇಡ," ಎಂದೆ. ಇಬ್ಬರೂ ಕಾದೆವು. ಬಾಗಿಲು ಬಡಿದ ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಫೋನಿಗೆ ವಾಪಸ್ ಬಂದು, ಬಹಳ ಪ್ರೀತಿಯಿಂದ ನಿಧಾನವಾಗಿ ಏನೋ ಹೇಳಿದರು. ಅವರ ಇಂಗ್ಲಿಷು ಒಂದು ಥರ ಹಾಡಿನ ಹಾಗಿತ್ತು, ನನಗೆ ಅರ್ಧ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಅವರು ಮನೆಯ ಹಿತ್ತಿಲ ಬಾಗಿಲನ್ನು ನೋಡಿಕೊಂಡು ಬಂದಿದ್ದರು. ಅದು ಸರಿಯಾಗಿ ಹಾಕಿದೆ, ನೀವೇನೂ ಯೋಚನೆ ಮಾಡಬೇಡಿ ಎನ್ನುತ್ತಿದ್ದರು.

"ನೋ ನೋ ಮೇಡಂ! ವೈಫ್! ವೈಫ್ ಬ್ಯಾಕ್!"

"ಓ, ಯುವರ್ ವೈಫ್ ಈಸ್ ಬ್ಯಾಕ್?" ಅಜ್ಜಿಗೆ ಖುಷಿಯಾಯಿತು. ಹೆಂಡತಿ ಊರಿಗೆ ವಾಪಸ್ ಬಂದುಬಿಟ್ಟಳು ಎಂದು ಹೇಳಲು ಫೋನ್ ಮಾಡಿದ್ದೇನೆ ಎಂದುಕೊಂಡರೋ ಏನೋ.

ನನಗೆ ಅಳುವುದೊಂದು ಬಾಕಿ. ಆಗ ಅಂಗಡಿಯಲ್ಲಿ ನಿಂತಿದ್ದ ಆ ಹೆಂಗಸು ಇಡ್ಲಿ ಪಾತ್ರೆಯನ್ನು ಕೆಳಗಿಟ್ಟು, "ಬ್ಯಾಕು ಗೀಕು ಬುಟ್ಬುಡಿ ಸ್ವಾಮಿ. ಅಳ್ತಾವ್ಳೆ, ನೆಲದ ಮ್ಯಾಲೆ ಬಿದ್ದವ್ಳೆ ಅನ್ನಿ. ಹೆಂಗಸ್ರಿಗೆ ಅಷ್ಟ್ ಸಾಕು," ಎಂದರು.

ನಾನು ಒಂದೊಂದೇ ಮಾತನ್ನು ಬಿಡಿಸಿ ಕೂಗಿದೆ. "ಮೇಡಂ. ಪೂರ್ಣಿಮಾ. ಅಪ್‌ಸ್ಟೇರ್ಸ್. ಫ್ಲೋರ್. ಪೇನ್. ಕ್ರೈಯಿಂಗ್."

ಆ ಕಡೆಯಿಂದ "ಓ ಗಾಡ್" ಎಂದದ್ದು ಕೇಳಿಸಿತು, ಫೋನ್ ಮೇಜಿಗೆ ಬಡಿದಂತಾಯಿತು. ಅನ್ವರ್ ಭಾಯ್ ಫೋನಿನಲ್ಲಿ ಈಗ ಬರೀ ರೇಡಿಯೊ, ಯಾರೋ ಏನೋ ಓದುತ್ತಿದ್ದಾರೆ. ಅದನ್ನು ಒಂದು ಕಿವಿಗೆ, ನನ್ನದನ್ನು ಇನ್ನೊಂದು ಕಿವಿಗೆ ಹಿಡಿದು ನಿಂತೆ. ಆಗ ನನ್ನ ಫೋನಿನಲ್ಲಿ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಮೈಸೂರಿನಲ್ಲಿ ನಿಂತು ಐರ್ಲೆಂಡಿನ ಮನೆಯ ಮೆಟ್ಟಿಲನ್ನು ಒಬ್ಬ ಅಜ್ಜಿಗೆ ಹತ್ತಿಸಿದ್ದೆ. ನಮ್ಮ ಅಂಗಡಿಯಲ್ಲಿದ್ದ ಮೂವರೂ ಒಟ್ಟಿಗೆ "ಬಂದ್ರು!" ಎಂದು ಕೂಗಿದೆವು.

ಆದರೆ ಚಿಲಕ ಒಳಗಡೆಯಿಂದ ಬಿದ್ದಿತ್ತು. ಪೂರ್ಣಿ ನೆಲದ ಮೇಲೆ ತೆವಳಿಕೊಂಡು ಹೋಗಿ ಅದನ್ನು ತೆಗೆಯಬೇಕಿತ್ತು. ಫೋನನ್ನು ಅಲ್ಲೇ ಬಿಟ್ಟು ಹೋದಳು. ನನಗೆ ಕಾಣುತ್ತಿದ್ದದ್ದು ಮತ್ತೆ ಅದೇ ಚಾವಣಿ. ಅವಳು ನರಳುವುದು, ನಿಲ್ಲುವುದು, ಮತ್ತೆ ನರಳುವುದು ಕೇಳಿಸುತ್ತಿತ್ತು. ಬಾಗಿಲಾಚೆಯಿಂದ ಅಜ್ಜಿ, ಮಗುವಿಗೆ ನಡಿಗೆ ಕಲಿಸುವವರ ಹಾಗೆ ಒಂದೇ ಸಮನೆ ಮಾತಾಡುತ್ತಿದ್ದರು. "ಹಾಗೇ ನಿಧಾನಕ್ಕೆ ಬಾ ಪೂರ್ಣಿ, ಇನ್ನೇನು ಬಂತು," ಎಂದು ನಾನು ಈ ಕಡೆಯಿಂದ ಹೇಳುತ್ತಿದ್ದೆ. ಅದು ಅವಳಿಗೆ ಕೇಳಿಸುತ್ತಿತ್ತೋ ಇಲ್ಲವೋ. ಕೊನೆಗೆ ಚಿಲಕ ಸರಿದ ಸದ್ದಾಯಿತು. ಮುಖ ತಿರುಗಿಸಿ ನಿಂತು ಕಣ್ಣೊರೆಸಿಕೊಂಡೆ. ಆ ಹೆಂಗಸು ಅವತ್ತು ಚೌಕಾಸಿ ಬಿಟ್ಟು, ನಾನು ಹೇಳಿದ ರೇಟಿಗೇ ಇಡ್ಲಿ ಪಾತ್ರೆ ಕೊಂಡುಹೋದರು.

ನೋರಾ ಅಜ್ಜಿ ಡಾಕ್ಟರನ್ನು ಕರೆಸಿದರು. ಕಾಲು ಮರಗಟ್ಟಿದೆಯಾ, ಬೆರಳು ಆಡುತ್ತದಾ ಎಂದೆಲ್ಲ ನೋಡಿ, ಹೆದರುವಂಥದ್ದೇನಿಲ್ಲ, ಸ್ನಾಯು ಹಿಡಿದುಕೊಂಡಿದೆ ಎಂದರಂತೆ. ಮಾತ್ರೆ ಕೊಟ್ಟರು. ಸ್ವಲ್ಪ ನೋವು ಇಳಿದ ಮೇಲೆ ಹಾಸಿಗೆ ಹಿಡಿದು ಮಲಗಬಾರದು, ದಿನವೂ ಒಂದಿಷ್ಟು ವ್ಯಾಯಾಮ ಮಾಡಬೇಕು, ನಡೆಯಬೇಕು ಎಂದು ಒತ್ತಿ ಹೇಳಿದರು. ಅಜ್ಜಿ ಅವಳಿಗೆ ಬಿಸಿನೀರಿನ ಚೀಲ ಕೊಟ್ಟರು, ಟೀ ಮಾಡಿಕೊಟ್ಟರು, ಕಾಲೇಜಿಗೂ ತಾವೇ ಫೋನ್ ಮಾಡಿ ಹೇಳಿದರು.

ಕಾಲೇಜಿನವರು ಒಳ್ಳೆಯ ಮಾತನ್ನೇ ಆಡಿದರು. ಆದರೆ ಮುಂದಿನ ವಾರದಿಂದ ಅಲ್ಲಿನ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ತರಬೇತಿ ಶುರುವಾಗುತ್ತದೆ, ಅದಕ್ಕೆ ಮೊದಲ ದಿನದಿಂದ ಬರಲೇಬೇಕು, ಆಗದಿದ್ದರೆ ಮುಂದಿನ ವರ್ಷ ಸೇರಬೇಕಾಗುತ್ತದೆ ಎಂದರು. ಸ್ಕಾಲರ್‌ಶಿಪ್ ಮುಂದಿನ ವರ್ಷಕ್ಕೆ ಉಳಿಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಮಾತ್ರೆಯಿಂದ ನೋವು ಇಳಿಯಿತು, ಭಯ ಇಳಿಯಲಿಲ್ಲ. ಮಗ್ಗುಲು ಬದಲಿಸಲೂ ಪೂರ್ಣಿ ಹೆದರುತ್ತಿದ್ದಳು. ಮತ್ತೆ ಹಿಡಿದುಕೊಂಡರೆ, ರಸ್ತೆಯಲ್ಲಿ ಹಿಡಿದುಕೊಂಡರೆ ಎಂದು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಒಂದು ದಿನ ಮಧ್ಯಾಹ್ನ ಫೋನ್ ಮಾಡಿ, "ರೀ, ನಾನು ವಾಪಸ್ ಬಂದ್ಬಿಡ್ತೀನಿ. ಈ ವಯಸ್ಸಿನಲ್ಲಿ ಇದೆಲ್ಲಾ ನನಗ್ಯಾಕೆ ಬೇಕಿತ್ತು?" ಎಂದಳು.

ನನಗೆ ಅವಳ ಮುಖ ನೋಡಿ ಪಾಪ ಅನ್ನಿಸಿತು. ನಿಜ ಹೇಳಬೇಕೆಂದರೆ ಅವಳಿಲ್ಲದ ಮನೆ ನನಗೂ ಬೇಸರ ಹುಟ್ಟಿಸಿತ್ತು. "ಬಂದ್ಬುಡು ಪೂರ್ಣಿ. ಇವತ್ತೇ ಟಿಕೆಟ್ ವಿಚಾರಿಸ್ತೀನಿ. ಆರೋಗ್ಯಕ್ಕಿಂತ ಓದು ದೊಡ್ಡದಾ?" ಎಂದೆ.

ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಆದರೆ ಅವಳು "ಸರಿ" ಎಂದು ಕಟ್ ಮಾಡಿದಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸಂಜೆ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಕೈ ನಿಲ್ಲಿಸಿ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

"ನಿಂಗೇನಾರ ಬುದ್ಧಿ ಅದಾ ಮಾದೇವ? ಅವ್ಳು ಬತ್ತೀನಿ ಅಂದಿದ್ದು ಬರಕ್ಕಲ್ಲ ಕಣೋ, ಬ್ಯಾಡ ಅನ್ನಿಸ್ಕಳಕ್ಕೆ."

"ಅಂಗಲ್ಲ ಕಣವ್ವ, ಅಷ್ಟ್ ನೋವು ತಿಂತಾವ್ಳಲ್ಲ ಅಂತ..."

"ನೋವು ಎಲ್ಲಾರ್ಗೂ ಬತ್ತದೆ. ನಿಮ್ಮಪ್ಪ ಗದ್ದೆ ಬದಿನಲ್ಲಿ ಸೊಂಟ ಹಿಡ್ಕಂಡು ಕೂತಾಗ, ಬುಟ್ಬುಡಿ ಬೇಸಾಯನ ಅಂದಿದ್ನಾ ನಾನು? ಪಕ್ದಲ್ಲಿ ಕೂತ್ಕಂಡು, ಏಳಿ ಮತ್ತೆ ಅಂದಿದ್ದೆ. ನೀನೂ ಪಕ್ದಲ್ಲಿ ಕೂತ್ಕೋ ಓಗು."

"ಎಂಗವ್ವ ಕೂತ್ಕಳದು? ಅವ್ಳು ಎಲ್ಲವ್ಳೆ, ನಾನು ಎಲ್ಲಿವ್ನಿ?"

"ಅದ್ನೂ ನಾನೇ ಯೇಳ್ಕೊಡ್ಬೇಕಾ?" ಎಂದು ಅವ್ವ ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಮಾರನೆಯ ದಿನ ಅಲ್ಲಿ ಬೆಳಗಾಗುವ ಹೊತ್ತಿಗೆ ಕಾದಿದ್ದು ಫೋನ್ ಮಾಡಿದೆ. ಪುಣ್ಯಕ್ಕೆ ಎತ್ತಿದಳು.

"ಪೂರ್ಣಿ, ಟಿಕೆಟ್ ಮಾಡ್ಸಲ್ಲ ನಾನು," ಎಂದೆ.

"ಯಾಕೆ?"

"ನೀನು ಆ ಕ್ಲಾಸಿಗೆ ಹೋಗ್ಲೇಬೇಕು. ಡಾಕ್ಟ್ರು ಹೇಳಿದ ವ್ಯಾಯಾಮ ಏನೇನಿದೆ, ತೋರ್ಸು. ನೀನು ಎಷ್ಟು ಮಾಡ್ತೀಯೋ ನಾನೂ ಅಷ್ಟು ಮಾಡ್ತೀನಿ. ನೀನು ಕಾಲೆತ್ತಿದ್ರೆ ನಾನೂ ಎತ್ತೀನಿ. ನಿಂಗೆ ಭಯ ಆದ್ರೆ ಇಬ್ರೂ ನಿಲ್ಸೋಣ."

"ನಿಮಗೇನಾಗಿದೆ ಅಂತ ನೀವು ಮಾಡೋದು?"

"ಹೊಟ್ಟೆ ಬಂದಿದೆಯಲ್ಲ, ಕಾಣ್ಸಲ್ವಾ?"

ಅವಳ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಯಿತು.

ಅಂಗಡಿಯ ಹಿಂದೆ ಸ್ಟಾಕ್ ಇಡುವ ಕಿರಿದಾದ ಕೋಣೆ ಇದೆ. ಅಲ್ಲಿ ಒಂದು ಗೋಣಿಚೀಲ ಹಾಸಿ ಮಲಗಿದೆ. ಫೋನನ್ನು ಒಂದು ತಪ್ಪಲೆಗೆ ಒರಗಿಸಿ ನಿಲ್ಲಿಸಿದೆ. ಅವಳು ಅಲ್ಲಿ, ನಾನಿಲ್ಲಿ. ಮೊದಲು ಮಂಡಿ ಮಡಿಸುವುದು, ಆಮೇಲೆ ಮಂಡಿಯನ್ನು ಎದೆಯ ಕಡೆಗೆ ತರುವುದು. "ಆಗ್ತಾ ಇದೆಯಾ?" ಎಂದು ನಾನು ಕೇಳುವುದು, "ಆಗ್ತಾ ಇದೆ, ನಿಮ್ಗೆ?" ಎಂದು ಅವಳು ಕೇಳುವುದು. ಗಿರಾಕಿಗಳು ಬಂದರೆ ಅನ್ವರ್ ಭಾಯ್ ತಮ್ಮ ಅಂಗಡಿಯಿಂದಲೇ, "ಮಾದೇವಣ್ಣ ಒಳಗೆ ನಮಾಜ್ ಮಾಡ್ತಾವ್ರೆ, ಐದು ನಿಮಿಷ ನಿಂತ್ಕೊಳ್ಳಿ!" ಎಂದು ಕೂಗಿ ನಗುತ್ತಿದ್ದರು. ಮೊದಲ ದಿನ ಸ್ವಲ್ಪವೇ ಆಯಿತು. ಎರಡನೆಯ ದಿನ ಅವಳು ತಾನೇ ಫೋನ್ ಮಾಡಿ, "ಮಲಗಿದ್ರಾ?" ಎಂದು ಕೇಳಿದಳು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಸೊಂಟವನ್ನು ಮೇಲೆತ್ತಿ ಹಿಡಿಯುವ ವ್ಯಾಯಾಮ ಬಂತು. ನಾನು ಉತ್ಸಾಹದಲ್ಲಿ ಎತ್ತಿದೆ. ಕಾಲು ಜಾರಿ ಮೂಲೆಯಲ್ಲಿ ಪೇರಿಸಿದ್ದ ಊಟದ ತಟ್ಟೆಗಳಿಗೆ ತಗುಲಿತು. ಅಷ್ಟೂ ತಟ್ಟೆಗಳು ನನ್ನ ಮೇಲೆ ಧಡಧಡನೆ ಉರುಳಿದವು. ಬೀದಿಗೆಲ್ಲ ಕೇಳಿಸಿರಬೇಕು. ಒಂದು ತಟ್ಟೆ ಗಿರಗಿರನೆ ತಿರುಗುತ್ತಾ ಅಂಗಡಿಯ ಮುಂಭಾಗಕ್ಕೇ ಹೋಯಿತು. ಹೊರಗೆ ನಿಂತಿದ್ದ ಯಾರೋ, "ಒಳಗೇನು ಜಗಳನಾ?" ಎಂದು ಕೇಳಿದರು. ಫೋನೂ ಬಿದ್ದು ಹೋಗಿತ್ತು. ತಟ್ಟೆಗಳ ಅಡಿಯಿಂದ ಹುಡುಕಿ ತೆಗೆದೆ. ಪೂರ್ಣಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ನಗಿಸ್ಬೇಡಿ ಕಣ್ರೀ, ಸೊಂಟ ನೋಯ್ತದೆ!" ಎನ್ನುತ್ತಾ ಹಾಸಿಗೆಯ ಮೇಲೆ ಎದ್ದು ಕೂತಳು. ಹಾಗೆ ಎದ್ದು ಕೂತದ್ದು ಮೊದಲು ಅವಳಿಗೇ ಗೊತ್ತಾಗಲಿಲ್ಲ. "ಪೂರ್ಣಿ, ನೀನು ಎದ್ದೆ," ಎಂದೆ. ಅವಳು ತನ್ನನ್ನು ತಾನೇ ನೋಡಿಕೊಂಡಳು.

ತರಬೇತಿ ಶುರುವಾಗುವ ಸೋಮವಾರ ಬಂತು. ಅಷ್ಟರಲ್ಲಿ ಅವಳು ರೂಮಿನಲ್ಲಿ ನಿಧಾನಕ್ಕೆ ನಡೆದಾಡತೊಡಗಿದ್ದಳು. ತರಬೇತಿ ಶಾಲೆ ಅವಳ ಮನೆಯಿಂದ ನಡೆದು ಹೋಗುವಷ್ಟೇ ದೂರ. ಅವಳ ಚೀಲವನ್ನು ನೋರಾ ಅಜ್ಜಿ ತಮ್ಮ ಸಾಮಾನು ತರುವ ಚಕ್ರದ ಗಾಡಿಯಲ್ಲಿ ಹಾಕಿಕೊಂಡು ಅವಳ ಪಕ್ಕದಲ್ಲೇ ಹೊರಟರು. ಸಿಮ್ ಶುರುವಾಗಿತ್ತು. ಪೂರ್ಣಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನನಗೆ ಕಾಲ್ ಮಾಡಿದಳು. ಅವಳು ನಡೆಯುವಾಗ ನನಗೆ ಕೂತಿರಲು ಆಗಲಿಲ್ಲ. ಅಂಗಡಿಯನ್ನು ಅನ್ವರ್ ಭಾಯ್‌ಗೆ ನೋಡಿಕೊಳ್ಳಲು ಹೇಳಿ ನಾನೂ ರಸ್ತೆಗಿಳಿದು ನಡೆಯತೊಡಗಿದೆ.

"ಎಲ್ಲಿದ್ದೀರಿ? ಆಟೊ ಹಾರ್ನ್ ಕೇಳ್ತಿದೆ," ಎಂದಳು.

"ನಾನೂ ನಡೀತಾ ಇದೀನಿ. ನೀನು ನಿಧಾನಕ್ಕೆ ಬಾ."

"ಇಲ್ಲಿ ಸ್ವಲ್ಪ ಏರು ಇದೆ."

"ನಿಂತ್ಕೋ. ನಾನೂ ನಿಂತ್ಕೋತೀನಿ."

ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಗಾಡಿಗಳ ನಡುವೆ, ಯಾವ ಕೆಲಸವೂ ಇಲ್ಲದೆ ನಾನು ನಿಂತೆ. ಪರಿಚಯದವರು ಬೈಕ್ ನಿಲ್ಲಿಸಿ "ಎಲ್ಲಿಗೆ, ಬಿಡ್ಲಾ?" ಎಂದು ಕೇಳಿದರು. ಬೇಡ ಎಂದು ಕೈಯಾಡಿಸಿದೆ. ಅಲ್ಲಿ ಅಜ್ಜಿ ಅವಳಿಗೆ ಏನೋ ಹೇಳುತ್ತಿದ್ದರು, ಇವಳು ಅವರ ಕಿವಿಗೆ ಕೇಳುವ ಹಾಗೆ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದಳು. ಆಮೇಲೆ ಮತ್ತೆ ಹೆಜ್ಜೆ ಸದ್ದು ಶುರುವಾಯಿತು, ನಾನೂ ನಡೆದೆ. ಶಾಲೆಯ ಗೇಟಿನ ಹತ್ತಿರ ಮಕ್ಕಳ ಗದ್ದಲ ಕೇಳಿಸಿತು.

"ಬಂತು ಕಣ್ರೀ. ಇಡ್ಲಾ?"

"ಇಡು. ಹೋಗು ಒಳಗೆ."

ಫೋನ್ ಇಟ್ಟ ಮೇಲೆ ನೋಡಿದರೆ ನಾನು ಅಂಗಡಿಯಿಂದ ಬಹಳ ದೂರ ಬಂದಿದ್ದೆ. ವಾಪಸ್ ನಡೆಯುವಾಗಲೂ ಅವಳದೇ ಯೋಚನೆ. ಒಳಗೆ ಹೇಗಿದ್ದಾಳೋ, ನಿಲ್ಲಲು ಆಗುತ್ತಿದೆಯೋ, ಯಾರಿಗಾದರೂ ಹೇಳಿಕೊಂಡಳೋ ಇಲ್ಲವೋ. ಆ ಮಧ್ಯಾಹ್ನ ಒಬ್ಬರಿಗೆ ಕುಕ್ಕರ್ ತೋರಿಸಿ ಇನ್ನೊಂದರ ರೇಟು ಹೇಳಿದೆ.

ರಾತ್ರಿ ಊಟ ಮುಗಿಸಿ ನಾನೂ ಅವ್ವನೂ ಕೂತಿದ್ದಾಗ ಅವಳ ಕಾಲ್ ಬಂತು. ಸೊಂಟ ಹೇಗಿದೆ ಎಂದು ಕೇಳಲು ಬಾಯಿ ತೆಗೆದೆ. ಅವಳು ಅವಕಾಶವನ್ನೇ ಕೊಡಲಿಲ್ಲ. ಒಂದು ಪುಟ್ಟ ಹುಡುಗಿ ಇದ್ದಾಳಂತೆ, ಹುಟ್ಟಿನಿಂದ ಕಿವಿ ಕೇಳುವುದಿಲ್ಲವಂತೆ. ಇವಳ ಹಣೆಯ ಬೊಟ್ಟನ್ನು ತೋರಿಸಿ ಅದೇನು ಎಂದು ಕೈಸನ್ನೆಯಲ್ಲಿ ಕೇಳಿದಳಂತೆ. ಅಲ್ಲಿಯವರ ಕೈಸನ್ನೆ ಇವಳು ಇಲ್ಲಿ ಕಲಿತದ್ದಕ್ಕಿಂತ ಬೇರೆ. ಇವಳಿಗೆ ಉತ್ತರ ಹೇಳಲು ಬರಲಿಲ್ಲವಂತೆ. ಆಗ ಆ ಹುಡುಗಿಯೇ ಇವಳ ಬೆರಳು ಹಿಡಿದು, ಹೀಗೆ ಹೇಳಬೇಕು ಎಂದು ಕಲಿಸಿದಳಂತೆ. ಅದನ್ನು ನಮಗೆ ಮಾಡಿ ತೋರಿಸಿದಳು. ಆಮೇಲೆ ಆ ಶಾಲೆಯ ಗೋಡೆಗಳು, ಆ ಟೀಚರು ಪಾಠ ಮಾಡಿದ ರೀತಿ, ನಮ್ಮ ಮೈಸೂರಿನ ಮಕ್ಕಳಿಗೂ ಹಾಗೆ ಮಾಡಬೇಕು ಎಂಬುದು, ಹೀಗೆ ಒಂದೇ ಸಮನೆ ಹೇಳುತ್ತಲೇ ಹೋದಳು. ನನಗೆ ಅದರಲ್ಲಿ ಎಷ್ಟೋ ಅರ್ಥವಾಗಲಿಲ್ಲ. ಅವ್ವನಿಗಂತೂ ಏನೂ ಅರ್ಥವಾಗಿರಲಿಕ್ಕಿಲ್ಲ, ಆದರೂ "ಊಂ, ಊಂ" ಎನ್ನುತ್ತಿದ್ದರು. ಪೂರ್ಣಿ ಅವತ್ತು ಸೊಂಟದ ಮಾತನ್ನೇ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಅದು ಹೊಳೆಯಿತು.

ಆಮೇಲೂ ಅವಳಿಗೆ ಚಳಿ ಜಾಸ್ತಿಯಾದಾಗ ನೋವು ಬರುತ್ತಿತ್ತು, ಹೋಗುತ್ತಿತ್ತು. ಕೋರ್ಸ್ ಮುಗಿಸಿಕೊಂಡೇ ಬಂದಳು. ಈಗ ಮೈಸೂರಿನ ತನ್ನ ಹಳೆಯ ಶಾಲೆಯಲ್ಲೇ ಪಾಠ ಮಾಡುತ್ತಿದ್ದಾಳೆ.

ಮದುವೆಯಾಗಿ ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳ ನೋವಿಗೆ ನಾನು ಮಾಡಿದ್ದೆಂದರೆ ಮಾತ್ರೆ ತಂದುಕೊಟ್ಟಿದ್ದು, ಆಟೊ ಕರೆದಿದ್ದು. ಅಷ್ಟು ದೂರ ಇದ್ದಾಗ ಆ ಎರಡೂ ನನ್ನ ಕೈಯಲ್ಲಿರಲಿಲ್ಲ. ಅವಳ ನೋವನ್ನು ನಾನು ಒಂದು ಚೂರೂ ಕಡಿಮೆ ಮಾಡಲಿಲ್ಲ, ಅದು ನನಗೆ ಗೊತ್ತು. ಆದರೆ ಅವಳು ನಿಂತಾಗ ನಿಂತೆ, ನಡೆದಾಗ ನಡೆದೆ. ಯಾರಾದರೂ ನೆಂಟರು ಈಗಲೂ, "ಆ ಒಂದು ವರ್ಷ ಹೆಂಡ್ತಿನ ಬಿಟ್ಟು ಎಂಗಿದ್ದೆ ಮಾದೇವ?" ಎಂದು ಕೇಳುತ್ತಾರೆ. ನಾನು ಅವಳನ್ನು ಬಿಟ್ಟಿದ್ದೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.